ಅಂಗಿಯ ಬೆನ್ನಿನ ರಟ್ಟು

ಮನೆಯಿಂದ, ಇಸ್ತ್ರಿ ಮೇಜಿನ ಒಂದು ಮೂಲೆ
ಹದಿನೇಳನೇ ತಾರೀಖು, ಸೋಮವಾರ, ಊಟವಾದ ಮೇಲೆ

ಪ್ರೀತಿಯ ಮಗನೇ,

ಮೊದಲು ನಿನ್ನ ಕೈ ಹೇಗಿದೆ ಹೇಳು. ಹೋದ ಕಾಗದದಲ್ಲಿ "ಅಡುಗೆಮನೆಯಲ್ಲಿ ಕೈ ಸ್ವಲ್ಪ ಸುಟ್ಟಿತು, ಚಿಂತೆ ಬೇಡ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಎಣ್ಣೆಯಿಂದಲೋ ಹಬೆಯಿಂದಲೋ, ಬಲಗೈಯೋ ಎಡಗೈಯೋ, ಒಂದೂ ಇಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕುದಿಯುವ ನೀರಿನ ಪಕ್ಕ ನಿಂತವಳು ನಾನು. ಸುಟ್ಟ ಗಾಯದ ವಿಷಯದಲ್ಲಿ ನನ್ನ ಕಿವಿಯ ಮೇಲೆ ಹೂವಿಡಬೇಡ. ಅಕ್ಷರಗಳು ಬೇರೆ ಸೊಟ್ಟಗಿವೆ, ಅಂದರೆ ಬಲಗೈಯೇ. ಹಡಗು ಅಲುಗಾಡುತ್ತಿತ್ತು ಎಂದು ನೆಪ ಹೇಳುತ್ತೀಯ, ಗೊತ್ತು ನನಗೆ. ಎಂಬತ್ತು ಜನಕ್ಕೆ ಬೇಯಿಸಿ ಹಾಕುವವನು ನೀನೇ ಸರಿಯಾಗಿ ಉಣ್ಣುತ್ತಿಲ್ಲ. ಕಳಿಸಿದ ಫೋಟೋದಲ್ಲಿ ನಿನ್ನ ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಜಾಗ ಕಂಡಿತು, ಹೋದ ವರ್ಷ ಒಂದೇ ಬೆರಳಿನಷ್ಟಿತ್ತು. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ. ಮುಲಾಮು ಕೊಟ್ಟ ಅಂಗಡಿಯವನ ಮೇಲೆ ನನಗೆ ಅನುಮಾನವಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಫೋನು ಮೂರು ನಿಮಿಷಕ್ಕೆ ಕಡಿದುಹೋಗುತ್ತದೆ, ಆ ಮೂರರಲ್ಲಿ ಎರಡೂಮುಕ್ಕಾಲು ನಿನ್ನ ಹೆಂಡತಿಯದು. ಅವಳನ್ನು ದೂರುತ್ತಿಲ್ಲಪ್ಪ. ಬಿಸ್ಕತ್ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬರುವವಳು, ಗಂಡನ ಜೊತೆ ಮಾತಾಡಲಿ. ಆದರೆ ನಿನ್ನ ಮಗಳು ಚೂಟಿಯ ಓದಿನ ಮಾತು ಕಾಲು ನಿಮಿಷದ್ದಲ್ಲ. ನೀನು ಸಹಿ ಹಾಕಿ ಕಳಿಸಿದ ಸಾಲದ ಕಾಗದ ತಲುಪಿದೆ. ಹಟಮಾರಿ ಮುದುಕಿ ಎಂದು ಬೈದುಕೋ, ಅದನ್ನು ನಾನಿನ್ನೂ ಬ್ಯಾಂಕಿನ ಏಜೆಂಟನ ಕೈಗೆ ಕೊಟ್ಟಿಲ್ಲ. ಗುಂಡಿಗಳ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿ ಇಟ್ಟಿದ್ದೇನೆ. ಶನಿವಾರದೊಳಗೆ ಕೊಡಬೇಕಂತೆ. ಯಾಕೆ ಕೊಟ್ಟಿಲ್ಲ ಎಂದು ಸಮಾಧಾನವಾಗಿ ಓದು, ಆಮೇಲೆ ಸಿಟ್ಟು ಮಾಡಿಕೋ.

ಅವಳು ನರ್ಸಿಂಗ್‌ಗೆ ಎರಡು ಕಡೆ ಅರ್ಜಿ ಹಾಕಿದ್ದು ನಿನಗೆ ಗೊತ್ತೇ ಇದೆ. ಒಂದು ಸರ್ಕಾರಿ ಕಾಲೇಜು, ಇನ್ನೊಂದು ಹೊಸ ರಸ್ತೆಯಲ್ಲಿ ಗಾಜಿನ ಗೋಡೆ ಕಟ್ಟಿಕೊಂಡು ನಿಂತಿದೆಯಲ್ಲ, ಅದು. ನಾವು ಅದನ್ನು ಗಾಜಿನ ಕಾಲೇಜು ಎಂದೇ ಕರೆಯುತ್ತೇವೆ. ಗಾಜಿನವರು ಎರಡೇ ದಿನದಲ್ಲಿ "ಸೀಟು ಕೊಟ್ಟಿದ್ದೇವೆ, ಅಭಿನಂದನೆ" ಎಂದರು. ನನಗೆ ಅಲ್ಲೇ ಅನುಮಾನ ಬಂತು. ಹುಡುಗಿಯ ಅಂಕಪಟ್ಟಿ ಓದುವುದಕ್ಕೇ ಒಂದು ದಿನ ಬೇಡವೇ? ಅವತ್ತಿನಿಂದ ವಾರಕ್ಕೆ ಎರಡು ಮೂರು ದಪ್ಪ ಲಕೋಟೆ ಬರುತ್ತಲೇ ಇವೆ. ಮೊದಲಿನ ನಾಲ್ಕನ್ನು ತೆರೆದು ನೋಡಿದೆವು. ಎಲ್ಲದರಲ್ಲೂ ಅದೇ ನಗುವ ಹುಡುಗಿ, ಅದೇ ಬಿಳಿ ಟೋಪಿ, ಅದೇ "ನಮ್ಮ ಪದವೀಧರರ ಸರಾಸರಿ ಸಂಬಳ ತಿಂಗಳಿಗೆ ಅರವತ್ತು ಸಾವಿರ". ಆಮೇಲಿನವುಗಳನ್ನು ನಾನು ತೆರೆಯುವ ಗೋಜಿಗೇ ಹೋಗಲಿಲ್ಲ. ಅಂಚೆಯಣ್ಣ ಹತ್ತು ಗಂಟೆಗೆ ಕಿಟಕಿಯಿಂದ ಕೈ ಚಾಚುತ್ತಾನೆ, ನಾನು ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದೇ ಇನ್ನೊಂದರಲ್ಲಿ ಈಸಿಕೊಳ್ಳುತ್ತೇನೆ, ಲಕೋಟೆ ದಪ್ಪಗಿದ್ದರೆ ನೆಟ್ಟಗೆ ಅಂಗಿಯ ಬೆನ್ನಿಗೆ. ಮಡಿಚಿದ ಅಂಗಿಯೊಳಗೆ ರಟ್ಟು ಇಟ್ಟರೆ ತಾನೇ ಅದು ಸೆಟೆದು ನಿಲ್ಲುವುದು. ರಟ್ಟಿಗೆ ಕೊಡುತ್ತಿದ್ದ ಕಾಸು ಉಳಿಯಿತು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು, ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರೇ, "ಏನಮ್ಮ, ಈ ನಡುವೆ ಅಂಗಿ ಒಳ್ಳೆ ಹಲಗೆ ಥರ ಬರ್ತಿದೆ" ಎಂದು ಹೊಗಳಿದರು. ಅವರ ಬಾಯಲ್ಲಿ ಹೊಗಳಿಕೆ ಬಂತೆಂದರೆ ಅದಕ್ಕೂ ಅನುಮಾನ ಪಡಬೇಕು. ಅಂತೂ ಗಾಜಿನ ಕಾಲೇಜಿನಿಂದ ನಮ್ಮ ಮನೆಗೆ ಆದ ಉಪಕಾರ ಅಷ್ಟೇ.

ನಂತರ ಏಜೆಂಟ್ ಬಂದ. ಬಾಗಿಲು ತೆರೆಯುವ ಮೊದಲೇ ಅತ್ತರಿನ ವಾಸನೆ ಒಳಗೆ ಬಂತು. ಕುರ್ಚಿಯ ತುದಿಯಲ್ಲಿ ಕೂತು ನನ್ನನ್ನು "ಅಮ್ಮಾ, ಅಮ್ಮಾ" ಎಂದ. ನಾನು ಹೆತ್ತಿದ್ದು ಒಬ್ಬನನ್ನೇ. ಅವನ ಲೆಕ್ಕ ಕೇಳು. ನಾಲ್ಕು ವರ್ಷಕ್ಕೆ ಒಂಬತ್ತು ಲಕ್ಷ ಸಾಲ, ಓದುವಾಗ ಏನೂ ಕಟ್ಟಬೇಕಾಗಿಲ್ಲ, ಮುಗಿದು ಆರು ತಿಂಗಳಾದ ಮೇಲೆ ತಿಂಗಳಿಗೆ ಹದಿನಾಲ್ಕು ಸಾವಿರ. ಅರವತ್ತರಲ್ಲಿ ಹದಿನಾಲ್ಕು ಹೋದರೆ ನಲವತ್ತಾರು ಉಳಿಯಿತಲ್ಲ, ಇನ್ನೇನು ಬೇಕು ಎಂದ. ನಿನಗೂ ಇದನ್ನೇ ಹೇಳಿ ಸಹಿ ಹಾಕಿಸಿರುತ್ತಾರೆ. ಎಷ್ಟು ವರ್ಷ ಕಟ್ಟಬೇಕು ಎಂದು ನಾನು ಕೇಳಿದೆ. ಅವನು ಚಹಾ ಚೆನ್ನಾಗಿದೆ ಎಂದ. ಎರಡನೇ ಸಲ ಕೇಳಿದೆ. ಹತ್ತು ವರ್ಷ ಎಂದ. ಚೂಟಿ ಒಳಗಿನಿಂದಲೇ ಕೂಗಿ ಹೇಳಿದಳು, "ಅಜ್ಜಿ, ಹಾಗಾದ್ರೆ ಒಟ್ಟು ಹದಿನೇಳು ಲಕ್ಷದ ಹತ್ರ ಆಗುತ್ತೆ." ಓದುವಾಗ ಏನೂ ಕಟ್ಟಬೇಕಾಗಿಲ್ಲ ಎಂದನಲ್ಲ, ಆ ನಾಲ್ಕು ವರ್ಷವೂ ಬಡ್ಡಿ ಸುಮ್ಮನೆ ಕೂತಿರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಸರ್ಕಾರಿ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೂ ಸೇರಿ ಎಂಬತ್ತು ಸಾವಿರ. ನಿನ್ನ ಹೆಂಡತಿಯ ಉಳಿತಾಯ, ನನ್ನ ಇಸ್ತ್ರಿ, ನೀನು ಕಳಿಸುವುದರಲ್ಲಿ ಒಂದಿಷ್ಟು, ಯಾರ ಕೈಕಾಲೂ ಹಿಡಿಯದೆ ಮುಗಿಯುತ್ತದೆ.

ಇನ್ನು ಚೂಟಿಯ ವಿಷಯ. ಅವಳ ಮೇಲೂ ನನಗೆ ಅನುಮಾನ ಬಂದಿತ್ತು, ಮುಚ್ಚುಮರೆ ಯಾಕೆ. ಒಂದು ವಾರದಿಂದ ಮಧ್ಯಾಹ್ನ ಒಂದೂವರೆ ಆದರೆ ಸಾಕು, ತಲೆ ಬಾಚಿಕೊಂಡು ಮಾಯ. ಗೆಳತಿಯ ಮನೆಗೆ ಎನ್ನುತ್ತಿದ್ದಳು. ಗೆಳತಿಯೇ ಇಲ್ಲಿಗೆ ಬಂದು "ಚೂಟಿ ಇದ್ದಾಳಾ ಅಜ್ಜಿ" ಎಂದು ಕೇಳಿದ ದಿನ ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಹದಿನೆಂಟು ವರ್ಷದ ಹುಡುಗಿ, ಅಪ್ಪ ಸಮುದ್ರದ ಮೇಲೆ, ಅಮ್ಮ ಕಾರ್ಖಾನೆಯಲ್ಲಿ. ಮರುದಿನ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅವಳ ಹಿಂದೆಯೇ ಹೊರಟೆ. ಮಂಡಿ ನೋವಿನಲ್ಲಿ ಪತ್ತೇದಾರಿಕೆ ಮಾಡುವುದು ಸುಲಭವಲ್ಲ ಮಗನೇ. ಅವಳು ಹೋಗಿ ನಿಂತದ್ದು ನಾನು ದುಡಿದ ನಮ್ಮ ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ. ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಹೊರಗೆ ಬರುವ ಒಬ್ಬೊಬ್ಬ ನರ್ಸನ್ನೂ ನಿಲ್ಲಿಸಿ ಏನೋ ಕೇಳುತ್ತಾಳೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಯಾವ ಕಾಲೇಜು, ಎಷ್ಟು ಸಾಲ, ಎಷ್ಟು ಸಂಬಳ, ಕಂತು ಹೋಗಿ ಕೈಯಲ್ಲಿ ಎಷ್ಟು ಉಳಿಯುತ್ತದೆ. ನನ್ನನ್ನು ಕಂಡು ನಾಚಿಕೊಂಡಳು. ಬೈಯಲು ಹೋದವಳಿಗೆ ಕಣ್ಣಲ್ಲಿ ನೀರು ಬಂತು. ಅನುಮಾನ ಪಡುವುದರಲ್ಲಿ ನೀನು ನನ್ನನ್ನು ಹೋಲಲಿಲ್ಲ, ಇವಳು ಹೋಲಿದ್ದಾಳೆ.

ಹತ್ತೊಂಬತ್ತು ಜನರ ಲೆಕ್ಕ ಇದೆ ಆ ನೋಟ್‌ಬುಕ್ಕಿನಲ್ಲಿ. ಹೊಸದಾಗಿ ಸೇರಿದವರಿಗೆ ಇಪ್ಪತ್ತೆರಡು ಸಾವಿರ, ಗಾಜಿನವರಾಗಲಿ ಸರ್ಕಾರಿಯವರಾಗಲಿ. ಐದಾರು ವರ್ಷ ಕಳೆದರೆ ಮೂವತ್ತೈದು, ನಲವತ್ತರವರೆಗೆ ಹೋಗುತ್ತದೆ, ಅದೂ ಇಬ್ಬರಿಗೂ ಒಂದೇ. ಇಪ್ಪತ್ತೆರಡರಲ್ಲಿ ಹದಿನಾಲ್ಕು ಕಂತಿಗೆ ಹೋದರೆ ಉಳಿಯುವುದು ಎಂಟು. ಎಂಟರಲ್ಲಿ ಬಾಡಿಗೆ ಕೊಡಬೇಕೋ ಹೊಟ್ಟೆಗೆ ತಿನ್ನಬೇಕೋ? ಆ ಹತ್ತೊಂಬತ್ತರಲ್ಲಿ ಗಾಜಿನ ಕಾಲೇಜಿನವರು ಎಂಟು ಜನ, ಅವರಲ್ಲಿ ಅರವತ್ತು ಸಾವಿರ ನೋಡಿದವಳು ಒಬ್ಬಳೇ, ಅದೂ ಹೊರದೇಶದಲ್ಲಿ ಮೂರು ವರ್ಷ ಇದ್ದು ಬಂದವಳು. ಇನ್ನೊಬ್ಬಳು, "ನನ್ನ ಸಂಬಳದ ಮುಖ ನಾನು ನೋಡೋದೇ ಇಲ್ಲ ತಂಗಿ, ನೆಟ್ಟಗೆ ಬ್ಯಾಂಕಿಗೆ ಹೋಗುತ್ತೆ" ಎಂದಿದ್ದನ್ನು ಚೂಟಿ ಹಾಗೇ ಬರೆದುಕೊಂಡಿದ್ದಾಳೆ. ಬೇರೆ ಏನಾದರೂ ಓದಬಾರದೇ ಎಂದು ನಾನು ಕೇಳಿದೆ. ಚಿಕ್ಕವಳಿದ್ದಾಗ ನನಗೆ ಊಟ ತಂದುಕೊಡುವ ನೆಪದಲ್ಲಿ ಮಕ್ಕಳ ವಾರ್ಡಿಗೆ ನುಗ್ಗಿ, ಸಿಸ್ಟರ್ ಜೊತೆ ಥರ್ಮಾಮೀಟರ್ ಹಿಡಿದು ಓಡಾಡುತ್ತಿದ್ದವಳು ಅವಳು. "ಕೆಲಸ ಇಷ್ಟ ಅಜ್ಜಿ, ಕಂತು ಇಷ್ಟ ಇಲ್ಲ" ಎಂದಳು. ಇದಕ್ಕಿಂತ ನೆಟ್ಟಗೆ ಯಾರು ಹೇಳುತ್ತಾರೆ ಹೇಳು.

ಅಲ್ಲಿಯವರೆಗೆ ಹೋದವಳು ಸುಮ್ಮನೆ ಬರುವುದುಂಟೇ? ಬುಟ್ಟಿಯಲ್ಲಿ ಗಾಜಿನ ಕಾಲೇಜಿನ ಒಂದು ಚಿತ್ರದ ಪುಸ್ತಕವಿತ್ತು. ಅದರಲ್ಲಿ ಟೋಪಿ ಹಾಕಿದ ಆ ನಗುವ ಹುಡುಗಿ ಒಂದು ಮಂಚದ ಪಕ್ಕ ನಿಂತಿದ್ದಾಳೆ, ಕೆಳಗೆ "ನಮ್ಮ ಹೆಮ್ಮೆಯ ವಿದ್ಯಾರ್ಥಿನಿ, ನಮ್ಮದೇ ಆಸ್ಪತ್ರೆಯಲ್ಲಿ" ಎಂದು ಬರೆದಿದೆ. ನಾನು ಅವಳ ಮುಖ ನೋಡಲಿಲ್ಲ, ಹೊದಿಕೆಯ ಅಂಚು ನೋಡಿದೆ. ಮೂರು ಸಾಲು ಕೆಂಪು ದಾರದ ಹೊಲಿಗೆ. ಹೆರಿಗೆ ವಾರ್ಡಿಗೆ ಎರಡು, ಮಕ್ಕಳ ವಾರ್ಡಿಗೆ ಮೂರು, ಒಗೆಯುವಾಗ ಕಲೆತು ಹೋಗಬಾರದೆಂದು ಆ ಗುರುತು ಶುರು ಮಾಡಿದವಳೇ ನಾನು. ನನ್ನ ಹೊಲಿಗೆ ನನಗೆ ತಿಳಿಯದೇ? ಆ ಮಂಚ ಅವರದಲ್ಲ, ನಮ್ಮ ಆಸ್ಪತ್ರೆಯದು. ನೆಟ್ಟಗೆ ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್ ಹತ್ತಿರ ಹೋಗಿ ಪುಸ್ತಕ ಹಿಡಿದೆ. ಅವರು ನೋಡಿ ನೋಡಿ ನಕ್ಕರು. ಆ ಹುಡುಗಿ ನರ್ಸೇ ಅಲ್ಲವಂತೆ, ಕೆಳಗೆ ಹಣ ಕಟ್ಟುವ ಕೌಂಟರಿನಲ್ಲಿ ಕೂರುವವಳು. ಎರಡು ಗಂಟೆ ಟೋಪಿ ಹಾಕಿ ನಿಂತಿದ್ದಕ್ಕೆ ಒಂದು ಊಟ ಕೊಟ್ಟರಂತೆ. ಅರವತ್ತು ಸಾವಿರದ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ನಕ್ಷತ್ರ ಇತ್ತು, ಸಿಸ್ಟರ್ ತಮ್ಮ ಭೂತಗನ್ನಡಿ ಕೊಟ್ಟು ಪುಟದ ಕೆಳಗೆ ಓದಿಸಿದರು. ನೂರಾ ಇಪ್ಪತ್ತು ಜನರಲ್ಲಿ ಸಂಬಳ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಬರೆದ ಹನ್ನೊಂದು ಜನರ ಸರಾಸರಿಯಂತೆ ಅದು. ಉಳಿದ ನೂರಾ ಒಂಬತ್ತು ಜನ ಯಾಕೆ ಉತ್ತರ ಬರೆಯಲಿಲ್ಲ ಎಂದು ನಾನು ಕೇಳಿದೆ. "ಹೇಳಿಕೊಳ್ಳೋ ಸಂಬಳ ಇದ್ದಿದ್ರೆ ಬರೀತಿದ್ರು" ಎಂದರು ಸಿಸ್ಟರ್. ಎರಡೂ ಕಾಲೇಜಿನವರು ಕೊನೆಗೆ ಬರೆಯುವುದು ಒಂದೇ ಪರೀಕ್ಷೆ, ಸಿಗುವುದು ಒಂದೇ ಪರವಾನಗಿ ಕಾರ್ಡು, ವಾರ್ಡಿಗೆ ಬಂದ ಮೇಲೆ ಕಾಲೇಜಿನ ಹೆಸರನ್ನು ಯಾರೂ ಕೇಳುವುದಿಲ್ಲ ಎಂದೂ ಹೇಳಿದರು.

ಹಾಗಾದರೆ ಸರ್ಕಾರಿ ಕಾಲೇಜೇ ಎಂದು ನಾವು ಮೂವರೂ ತೀರ್ಮಾನ ಮಾಡಿದೆವು, ನಿನ್ನ ಹೆಂಡತಿ ಕೂಡ. ಈಗ ಹೊಟ್ಟೆ ಉರಿಯುವ ಸುದ್ದಿ ಕೇಳು. ಅಲ್ಲಿಂದ ಪತ್ರ ಬರುತ್ತದೆ ಎಂದು ದಿನಾ ಕಾದೆವು. ಬರಲಿಲ್ಲ. ಹದಿಮೂರನೇ ತಾರೀಖು ಚೂಟಿ ತಾಳಲಾರದೆ ತಾನೇ ಹೋಗಿ ನೋಡಿದರೆ ಮೊದಲನೇ ಪಟ್ಟಿಯಲ್ಲೇ ಅವಳ ಹೆಸರಿದೆ! ಪತ್ರವನ್ನು ಎರಡನೇ ತಾರೀಖೇ ಕಳಿಸಿದ್ದಾರಂತೆ, ಹನ್ನೆರಡರೊಳಗೆ ಬಂದು ಸೇರಬೇಕಿತ್ತಂತೆ. ಒಂದೇ ದಿನ ತಡ. ಮಗು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಿತು. ಕಾಲೇಜಿನ ಗುಮಾಸ್ತ ಒಂದು ದಾರಿ ಹೇಳಿದ್ದಾನೆ. ಪತ್ರ ತಲುಪಲಿಲ್ಲ ಎಂದು ಮನೆಯ ಹಿರಿಯರು ಅಂಚೆ ಕಚೇರಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯನ್ನು ಇಪ್ಪತ್ತನೇ ತಾರೀಖಿನ ಸಭೆಗೆ ತಂದರೆ ಸೀಟು ಉಳಿಯುತ್ತದೆ, ಇಲ್ಲದಿದ್ದರೆ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ.

ಅಂಚೆಯಣ್ಣನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣಿತ್ತು. ಅತಿಯಾಗಿ ನಗುತ್ತಾನೆ. ಗಾಜಿನವರು ಅವನ ಕೈ ಬೆಚ್ಚಗೆ ಮಾಡಿರಬೇಕು, ಅವರ ಲಕೋಟೆ ಒಂದೂ ತಪ್ಪದೆ ಬರುತ್ತದೆ, ಸರ್ಕಾರಿಯದು ಮಾತ್ರ ಮಾಯವಾಗುತ್ತದೆ ಎಂದರೆ ಏನರ್ಥ? ಶುಕ್ರವಾರ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದೆ. "ಅಜ್ಜಿ, ನಿಮ್ಮ ಮನೆಗೆ ಬಂದಿದ್ದನ್ನೆಲ್ಲ ನಿಮ್ಮ ಕೈಗೇ ಕೊಟ್ಟಿದ್ದೀನಿ" ಎಂದ. ನನ್ನ ಕೈಗಂತೆ! ಕಳ್ಳ ಎಂದೆ, ಹುಡುಗಿಯ ಬಾಳಿಗೆ ಕಲ್ಲು ಹಾಕಿದೆ ಎಂದೆ, ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಅವನು ತಲೆ ತಗ್ಗಿಸಿಕೊಂಡು, ಈ ವರ್ಷ ತನ್ನ ಮೇಲೆ ಒಂದು ದೂರು ಆಗಲೇ ಇದೆ, ಇನ್ನೊಂದಾದರೆ ಸಂಬಳ ಕಡಿತ ಮಾಡಿ ಎಲ್ಲಿಗೋ ಎತ್ತಿ ಹಾಕುತ್ತಾರೆ ಎಂದ. ಹಾಕಲಿ ಎಂದೆ. ದೂರನ್ನು ಚೂಟಿ ದುಂಡಗೆ ಬರೆದಿಟ್ಟಿದ್ದಾಳೆ. ನಾಳೆ ಬೆಳಗ್ಗೆ ನಾನು ಸಹಿ ಹಾಕಿದರೆ ಮುಗಿಯಿತು. ಇವತ್ತೇ ಹಾಕುತ್ತಿದ್ದೆ, ಕನ್ನಡಕದ ಕಡ್ಡಿ ಸಡಿಲವಾಗಿತ್ತು, ದಾರ ಸುತ್ತಿ ಕೂರಿಸುವಷ್ಟರಲ್ಲಿ ಅಂಚೆ ಕಚೇರಿ ಮುಚ್ಚಿತು. ಇಸ್ತ್ರಿ ಮಾಡುವಾಗ ಹಬೆಗೆ ಮಂಜಾಗುತ್ತದೆಂದು ತೆಗೆದಿಡುವುದು, ಮತ್ತೆ ಹಾಕುವುದು, ಪಾಪ ಅದು ಎಷ್ಟು ಅಂತ ತಡೆದೀತು.

ನಿನ್ನ ಎರಡು ಬಿಳಿ ಅಂಗಿ, ಒಂದು ಅಡುಗೆಯ ಏಪ್ರನ್ ಪಾರ್ಸಲ್ಲಿನಲ್ಲಿಟ್ಟಿದ್ದೇನೆ. ಕಾಲರ್ ಒಂದು ಬೆರಳು ಒಳಗೆ ಹಿಡಿದಿದ್ದೇನೆ, ದಪ್ಪಗಾದರೆ ಬಿಚ್ಚಿಕೊಡುತ್ತೇನೆ, ನನಗೆ ಸಂತೋಷವೇ. ಗಾಯಕ್ಕೆ ಗಾಳಿಯಾಡಲು ಬಿಡು. ಸಮುದ್ರ ನಿನ್ನನ್ನು ಹೇಗೆ ಕರೆದುಕೊಂಡು ಹೋಯಿತೋ ಹಾಗೇ ಜೋಪಾನವಾಗಿ ತಂದುಬಿಡಲಿ. ನಿನ್ನ ಹೆಂಡತಿ ನೆನಪು ಹೇಳಿದ್ದಾಳೆ, ಅವಳ ಎರಡೂಮುಕ್ಕಾಲು ನಿಮಿಷದಲ್ಲಿ ಮಿಕ್ಕಿದ್ದನ್ನು ಅವಳೇ ಹೇಳುತ್ತಾಳೆ.

ನೂರು ವರ್ಷ ಬಾಳು ಎಂದು ಹರಸುವ,
ನಿನ್ನ ಅನುಮಾನದ ಅಮ್ಮ

ಮರೆತ ಮಾತು: ಮಂಗಳವಾರ ಬೆಳಗ್ಗೆ. ಕಟ್ಟಿದ್ದ ಪಾರ್ಸಲ್ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹಡಗು ಅಲುಗಾಡಿತು ಎನ್ನುವ ನೆಪ ನನಗಿಲ್ಲ. ಈಗ ಒಂದು ಗಂಟೆಯ ಹಿಂದೆ ಹೆಡ್‌ಮಾಸ್ಟರು ಬಂದಿದ್ದರು. ಎರಡು ವಾರದಿಂದ ಬೀರುವಿನಲ್ಲಿದ್ದ ಅಂಗಿಯನ್ನು ಇವತ್ತು ಬಿಡಿಸಿದರಂತೆ, ಬೆನ್ನಿನಿಂದ ಒಂದು ದಪ್ಪ ಲಕೋಟೆ ಬಿತ್ತಂತೆ, ಅಂಟು ಕೂಡ ಬಿಚ್ಚಿಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಸರ್ಕಾರಿ ಕಾಲೇಜಿನದು. ಚೂಟಿಯ ಹೆಸರು. ನಮ್ಮ ಅಂಚೆ ಕಚೇರಿಯ ಮುದ್ರೆ ಐದನೇ ತಾರೀಖಿನದು. ಹಾಸ್ಟೆಲ್ ನಿಯಮ, ಅರ್ಜಿ, ಎಲ್ಲ ಸೇರಿಸಿ ಕಳಿಸಿದ್ದಕ್ಕೆ ಅಷ್ಟು ದಪ್ಪ. ಅವನು ನನ್ನ ಕೈಗೇ ಕೊಟ್ಟಿದ್ದ ಮಗನೇ. ಇಡೀ ಲೋಕವನ್ನು ಅನುಮಾನಿಸಿದೆ, ನನ್ನ ಈ ಕೈಯನ್ನು ಒಂದು ಸಲವೂ ಅನುಮಾನಿಸಲಿಲ್ಲ.

ಹೆಡ್‌ಮಾಸ್ಟರು ದನಿ ತಗ್ಗಿಸಿ, "ನಾನು ಯಾರಿಗೂ ಹೇಳಲ್ಲಮ್ಮ, ದೂರಿಗೆ ಸಹಿ ಹಾಕಿಬಿಡಿ, ಹುಡುಗಿ ಸೀಟು ಉಳಿಯುತ್ತೆ" ಎಂದರು. ಸುಳ್ಳು ಯಾಕೆ, ಒಂದು ಗಳಿಗೆ ಪೆನ್ನು ಹುಡುಕಿದೆ. ಆಮೇಲೆ ಅಂಚೆಯಣ್ಣ ತಲೆ ತಗ್ಗಿಸಿ ನಿಂತದ್ದು ಕಣ್ಣಿಗೆ ಕಟ್ಟಿತು. ಒಳಗೆ ಹೋಗಿ ಚೂಟಿಗೆ ಎಲ್ಲ ಹೇಳಿದೆ. ಅವಳು ಲಕೋಟೆಯ ಮೇಲಿನ ಮುದ್ರೆಯ ತಾರೀಖನ್ನು ಬೆರಳಿಟ್ಟು ಓದಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ಆ ದೂರನ್ನು ಎರಡಾಗಿ ಹರಿದು, "ಕನ್ನಡಕ ಹಾಕ್ಕೊಂಡು ಇಸ್ತ್ರಿ ಮಾಡು ಅಜ್ಜಿ ಇನ್ಮೇಲೆ" ಎಂದಳು. ಸೀಟು ಹೋದರೆ ಒಂದು ವರ್ಷ ಮಕ್ಕಳ ವಾರ್ಡಿನಲ್ಲಿ ಸಹಾಯಕಿಯಾಗಿ ದುಡಿದು ಮತ್ತೆ ಅರ್ಜಿ ಹಾಕುತ್ತಾಳಂತೆ, ಹತ್ತು ವರ್ಷದ ಕಂತಿಗಿಂತ ಒಂದು ವರ್ಷದ ಕಾಯುವಿಕೆ ಮೇಲು ಎಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಸೀಟು ಹೋದರೆ ಅದು ನನ್ನಿಂದಲೇ ಹೋಯಿತು, ಬೇರೆ ಯಾರನ್ನೂ ಬೈಯಬೇಡ. ಈಗ ಇಬ್ಬರೂ ಕಾಲೇಜಿಗೆ ಹೊರಟಿದ್ದೇವೆ. ಲಕೋಟೆಯ ಜೊತೆ ಹೆಡ್‌ಮಾಸ್ಟರ ಅಂಗಿಯನ್ನೂ ಕೇಳಿ ಈಸಿಕೊಂಡಿದ್ದೇನೆ. ಗುಮಾಸ್ತ ನಂಬದಿದ್ದರೆ ಅವನ ಮೇಜಿನ ಮೇಲೇ ಮಡಿಚಿ ತೋರಿಸುತ್ತೇನೆ.

ಅಂಚೆಯಣ್ಣ ಗೇಟಿನ ಹತ್ತಿರ ಸೈಕಲ್ ನಿಲ್ಲಿಸುತ್ತಿದ್ದಾನೆ, ಈ ಪಾರ್ಸಲ್ಲನ್ನೂ ಅವನ ಕೈಗೇ ಕೊಡಬೇಕು. ಮೊನ್ನೆ ಎಷ್ಟು ಜೋರಾಗಿ ಕಳ್ಳ ಎಂದೆನೋ ಅಷ್ಟೇ ಜೋರಾಗಿ, ಬೀದಿಯವರೆಲ್ಲ ಬಾಗಿಲಿಗೆ ಬರುವ ಹಾಗೆ, ತಪ್ಪು ನನ್ನದು ಎನ್ನುತ್ತೇನೆ. ನಿನಗೆ ಬರೆದಾಯಿತಲ್ಲ, ಇನ್ನು ಹಿಂದೆ ಸರಿಯುವ ಹಾಗಿಲ್ಲ. ಇನ್ನೊಂದು. ಮೇಲಿನ ಬಿಳಿ ಅಂಗಿ ಬಿಡಿಸುವಾಗ ಬೆನ್ನಿನಲ್ಲಿ ಒಂದು ದಪ್ಪ ಕಾಗದ ಸಿಗುತ್ತದೆ. ನೀನು ಸಹಿ ಹಾಕಿ ಕಳಿಸಿದ ಸಾಲದ ಕಾಗದ ಅದು. ಅದನ್ನು ಕನ್ನಡಕ ಹಾಕಿಕೊಂಡೇ ಇಟ್ಟಿದ್ದೇನೆ.